ಫೇರ್ ಕಾಪಿಯಲ್ಲಿ ಬಿಟ್ಟುಹೋದ ಸಾಲುಗಳು

ಸ್ವೀಡನ್ನಿನ ಓರೆಬ್ರೂನಲ್ಲಿ ನಮ್ಮ ಬಿಲ್ಡಿಂಗಿನ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿದೆ. ಯಾರ ಸರದಿ ಯಾವ ಹೊತ್ತಿಗೆ ಎಂದು ಗೋಡೆಯ ಬೋರ್ಡಿನಲ್ಲಿ ಮೊದಲೇ ಗುರುತು ಹಾಕಿಡಬೇಕು. ಹೆಚ್ಚುಕಮ್ಮಿ ಆದರೆ ಯಾರೂ ಎದುರಿಗೆ ಏನೂ ಅನ್ನುವುದಿಲ್ಲ, ಚೀಟಿ ಅಂಟಿಸಿ ಹೋಗುತ್ತಾರೆ. ಅಂಥ ಒಂದು ಚೀಟಿಯ ಮುಂದೆ ನಿಂತು, ಇದರಲ್ಲಿ ಬೈದಿರುವುದು ನನ್ನನ್ನೇ ಇರಬಹುದೇ ಎಂದು ಯೋಚಿಸುತ್ತಿದ್ದಾಗ ಅವರು ಬಂದರು. ಎತ್ತರದ ಹೆಂಗಸು, ನನಗಿಂತ ಏಳೆಂಟು ವರ್ಷ ದೊಡ್ಡವರು, ಸೊಂಟಕ್ಕೆ ಒತ್ತಿ ಹಿಡಿದ ಟವೆಲ್ಲುಗಳ ಬುಟ್ಟಿ. ಮೂಗು ತಾಗುವಷ್ಟು ಬಗ್ಗಿ ಚೀಟಿ ನೋಡಿ, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು.

"ನನಗೆ ಕಾಣಿಸುವುದಿಲ್ಲ. ನಿಮಗೆ?"

"ಕಾಣಿಸುತ್ತದೆ. ಅರ್ಥ ಆಗುವುದಿಲ್ಲ."

"ಹಾಗಾದರೆ ಒಂದೊಂದೇ ಅಕ್ಷರ ಹೇಳಿ."

ನಾನು ಅಕ್ಷರ ಹೇಳಿದೆ, ಅವರು ಅರ್ಥ ಹೇಳಿದರು. ಬಟ್ಟೆ ಒಣಗಿಸುವ ಮೆಷಿನ್ನಿನ ಜಾಲರಿಯಲ್ಲಿ ಯಾರೋ ಧೂಳು ಬಿಟ್ಟುಹೋಗಿದ್ದರಂತೆ. ಅದು ನಾವಿಬ್ಬರೂ ಅಲ್ಲ ಎಂದು ತೀರ್ಮಾನ ಮಾಡಿಕೊಂಡೆವು. ನನ್ನ ಇಂಗ್ಲಿಷ್ ಎಲ್ಲಿಯದು ಎಂದು ಕೇಳಿದರು. ಮಂಗಳೂರಿನ ಕಾನ್ವೆಂಟಿನದು, ಸಿಸ್ಟರ್‌ಗಳು ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದು ಎಂದೆ. ಟೈಪಿಂಗ್ ಬರುತ್ತದೆಯೇ ಎಂದರು. ನನ್ನೊಳಗೆ ಎಲ್ಲೋ ಮಲಗಿದ್ದ ಹೆಮ್ಮೆ ಎದ್ದು ಕೂತಿತು. ಬೆಂಗಳೂರಿನ ಒಂದು ಕಚೇರಿಯಲ್ಲಿ ಮೂವತ್ತು ವರ್ಷ ಡೈರೆಕ್ಟರರ ಸ್ಟೆನೋ ಆಗಿದ್ದವಳು ನಾನು. ಬರುತ್ತದೆ ಎಂದೆ.

ಆ ಹೊತ್ತಿಗೆ ನಾನು ಮಗಳ ಮನೆಯ ಮೂರನೇ ಮಹಡಿಯಲ್ಲಿ ಒಂದೂವರೆ ವರ್ಷದಿಂದ ಇದ್ದೆ. ಇದ್ದೆ ಎನ್ನುವುದೇ ಸರಿ, ವಾಸವಾಗಿದ್ದೆ ಎನ್ನಲಾರೆ. ಮಗಳು ಆಸ್ಪತ್ರೆಯಲ್ಲಿ ಡಾಕ್ಟರ್, ಬೆಳಿಗ್ಗೆ ಹೋದರೆ ಸಂಜೆ ಬರುವವಳು. ಮೊಮ್ಮಗಳು ಆಗ ದಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ ಹೋಗುತ್ತಿದ್ದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಸ್ವೀಡಿಷಿನಲ್ಲಿ ಉತ್ತರ ಕೊಡುವುದು, ನಾನು ತಲೆಯಾಡಿಸುವುದು, ಹೀಗೆ ನಮ್ಮ ಸಂಸಾರ. ನನ್ನ ಇಲ್ಲಿನ ವಾಸದ ಕಾರ್ಡಿನ ಅವಧಿ ಮುಗಿದು ರಿನ್ಯೂವಲ್‌ಗೆ ಹಾಕಿದ್ದೆವು. ತೀರ್ಮಾನ ಬರುವ ತನಕ ಇಲ್ಲಿರಬಹುದು, ಆದರೆ ದೇಶ ಬಿಟ್ಟು ಹೊರಗೆ ಹೋದರೆ ಮತ್ತೆ ಒಳಗೆ ಬರುವುದು ಕಷ್ಟ ಎಂದು ವಕೀಲರು ಹೇಳಿದ್ದರು. ನವೆಂಬರ್‌ನಿಂದ ಮಾರ್ಚ್‌ವರೆಗೆ ಫುಟ್‌ಪಾತ್ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಒಬ್ಬಳೇ ಕಾಲಿಡಬಾರದು, ಸೊಂಟ ಮುರಿದರೆ ಯಾರು ನೋಡುತ್ತಾರೆ ಎಂದು ಮಗಳ ಆರ್ಡರ್. ಹೀಗಾಗಿ ಊರಿಗೆ ಹೋಗುವಂತಿಲ್ಲ, ರಸ್ತೆಗೂ ಇಳಿಯುವಂತಿಲ್ಲ. ಲಿಫ್ಟಿನಲ್ಲಿ ನೆಲಮಾಳಿಗೆಗೆ ಹೋಗಿ ಬರುವುದೇ ನನ್ನ ಫಾರಿನ್ ಟ್ರಿಪ್.

ಅವರ ಮನೆ ಗ್ರೌಂಡ್ ಫ್ಲೋರಿನಲ್ಲಿತ್ತು. ಚಳಿಗಾಲಕ್ಕೆ ಮುಂಚೆ, ಅಕ್ಟೋಬರಿನಲ್ಲಿ, ನಾನು ಅಲ್ಲಿಗೆ ಹೋಗಲು ಶುರುಮಾಡಿದೆ. ವಾರಕ್ಕೆ ಐದು ದಿನ ಬೆಳಿಗ್ಗೆ ಎಂಟೂವರೆಗೆ, ಹಳೆಯ ಆಫೀಸ್ ಟೈಮಿನ ಹಾಗೆ. ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು, ಮೇಲೆ ಮಗಳ ಸ್ವೆಟರ್ ಹಾಕಿಕೊಂಡು ಮೂರು ಮಹಡಿ ಇಳಿಯುತ್ತಿದ್ದೆ. ಒಂದು ದಿನ ಮಗಳು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ, "ಏನಮ್ಮ, ಪ್ರಮೋಶನ್ ಯಾವಾಗ?" ಎಂದಳು. "ಮೊದಲು ಕನ್‌ಫರ್ಮ್ ಆಗಲಿ ಕಣೇ," ಎಂದೆ.

ನಾನು ಅವರನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದೆ. "ನಾನು ಪ್ರೊಫೆಸರ್ ಅಲ್ಲ, ನನ್ನನ್ನು ಯಾವತ್ತೂ ಮಾಡಲಿಲ್ಲ, ಲೈಬ್ರರಿಯಲ್ಲಿ ಕೆಲಸ ಮಾಡಿ ರಜೆಯಲ್ಲಿ ರಿಸರ್ಚ್ ಮಾಡಿದವಳು," ಎಂದು ಅವರು ಮೊದಲ ವಾರವೇ ತಿದ್ದಿದರು. ಆದರೂ ನಾನು ಬಿಡಲಿಲ್ಲ. ಹೆಸರು ಹಿಡಿದು ಕರೆಯುವುದು ಇಲ್ಲಿಯ ಪದ್ಧತಿ, ನನ್ನ ನಾಲಿಗೆಗೆ ಅದು ಆಗದು. ಸೇಡಿಗೆ ಅವರು ನನ್ನನ್ನು "ಮೇಡಂ ಸೆಕ್ರೆಟರಿ" ಎನ್ನುತ್ತಿದ್ದರು.

ಅವರು ಹುಟ್ಟಿದ್ದು ಎಸ್ಟೋನಿಯಾದಲ್ಲಿ. ಬಾಲ್ಟಿಕ್ ಸಮುದ್ರದ ಆಚೆ ದಂಡೆಯ ಸಣ್ಣ ದೇಶ. ಮಹಾಯುದ್ಧದ ಕೊನೆಗೆ ಸೋವಿಯತ್ ಸೈನ್ಯ ಬರುತ್ತದೆಂದು ಸಾವಿರಾರು ಜನ ಸಿಕ್ಕ ಸಿಕ್ಕ ದೋಣಿ ಹತ್ತಿ ಈ ಕಡೆಗೆ ದಾಟಿದರು. ಇವರು ಆಗ ಕೈಗೂಸು, ಆಲೂಗಡ್ಡೆ ಬುಟ್ಟಿಯಲ್ಲಿ ಬಂದವರು. ಒಂದೆರಡು ವರ್ಷದಲ್ಲಿ ವಾಪಸ್ಸು ಹೋಗುತ್ತೇವೆ ಎಂದುಕೊಂಡು ಬಂದ ಜನ ಐವತ್ತು ವರ್ಷ ಇಲ್ಲೇ ಸಿಕ್ಕಿಬಿದ್ದರು. ಬಂದವರಲ್ಲಿ ನಾಟಕದ ಹುಚ್ಚಿನವರು ಇದ್ದರು. ಭಾನುವಾರ ಭಾನುವಾರ ಬಾಡಿಗೆ ಹಾಲುಗಳಲ್ಲಿ, ಚರ್ಚಿನ ಕೋಣೆಗಳಲ್ಲಿ, ತಮ್ಮ ಭಾಷೆಯ ಹಳೆಯ ನಾಟಕಗಳನ್ನು ಆಡಿದರು. ಹಳ್ಳಿಮನೆಯ ಕಾಮಿಡಿಗಳು, ಅತ್ತೆ ಸೊಸೆ ಜಗಳ, ದಾಯಾದಿಗಳ ಕಿತ್ತಾಟ, ಇಂಥವು. ಫ್ಯಾಕ್ಟರಿಯಲ್ಲಿ ದುಡಿಯುವವನೇ ಹೀರೋ, ಆಸ್ಪತ್ರೆಯಲ್ಲಿ ನೆಲ ಒರೆಸುವವಳೇ ಹೀರೋಯಿನ್. ಪ್ರೊಫೆಸರರ ತಾಯಿ ಪ್ರಾಂಪ್ಟರ್. ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂತು, ಮಾತು ಮರೆತವರಿಗೆ ಪಿಸುಗುಟ್ಟಿ ನೆನಪಿಸುವ ಕೆಲಸ. ಇವರು ಆ ಸ್ಟೂಲಿನ ಕಾಲ ಬುಡದಲ್ಲಿ ಕೂತು ಬೆಳೆದರು.

ಅವರ ರಿಸರ್ಚ್ ಎಲ್ಲ ಪ್ರಾಂಪ್ಟರ್ ಕೈಯಲ್ಲಿ ಹಿಡಿಯುವ ನಾಟಕದ ಪ್ರತಿಗಳ ಮೇಲೆ. ಸ್ವೀಡನ್ನಿನ ಊರೂರು ತಿರುಗಿ, ಸತ್ತವರ ಅಟ್ಟದಲ್ಲಿ, ಮುದುಕರ ಪೆಟ್ಟಿಗೆಗಳಲ್ಲಿ ಅಂಥ ಪ್ರತಿ ಎಲ್ಲಿದ್ದರೂ ಹುಡುಕಿ, ಅಲ್ಲೇ ಕೂತು ನಕಲು ಮಾಡಿಕೊಂಡಿದ್ದರು. ಆಮೇಲೆ ಅವುಗಳಲ್ಲಿ ಐದು ನಾಟಕಗಳನ್ನು ತಾವೇ ಇಂಗ್ಲಿಷಿಗೆ ಮಾಡಿ, ಉದ್ದನೆಯ ಹಾಳೆಗಳಲ್ಲಿ ಕೈಯಲ್ಲಿ ಬರೆದಿಟ್ಟಿದ್ದರು. ಪುಸ್ತಕಕ್ಕೆ ಟೈಪ್ ಆಗಬೇಕು. ಕಣ್ಣು ಹೋಗುತ್ತಿತ್ತು. ವಸಂತ ಕಾಲಕ್ಕೆ ಸ್ಟಾಕ್‌ಹೋಮಿನ ವೃದ್ಧರ ಮನೆಯಲ್ಲಿ ಅವರಿಗೆ ಒಂದು ರೂಮ್ ಆಗಿತ್ತು, ದೂರದ ಸಂಬಂಧದ ಹುಡುಗಿಯೊಬ್ಬಳು ಅಲ್ಲಿ ಹತ್ತಿರ ಇದ್ದಾಳಂತೆ. ಅಷ್ಟರೊಳಗೆ ಕೊಟ್ಟರೆ ಹಾಕುತ್ತೇವೆ ಎಂದು ಒಂದು ಸಣ್ಣ ಪ್ರಕಾಶನದವರು ಒಪ್ಪಿದ್ದರು.

ಈಗ ನನ್ನ ಕೆಲಸದ ರೀತಿ ಹೇಳಬೇಕು, ಯಾಕೆಂದರೆ ಎಲ್ಲ ಕೆಟ್ಟದ್ದು ಅದರಿಂದಲೇ.

ಕಾನ್ವೆಂಟಿನಲ್ಲಿ ನಮಗೆ ರಫ್ ಬುಕ್, ಫೇರ್ ಬುಕ್ ಎಂದು ಎರಡು. ರಫ್ ಬುಕ್ಕಿನಲ್ಲಿ ತಪ್ಪಾದರೆ ಅದರ ಮೇಲೆ ನೀಟಾಗಿ ಒಂದೇ ಗೆರೆ ಎಳೆಯಬೇಕು. ಫೇರ್ ಬುಕ್ಕಿಗೆ ಅದು ಬರಕೂಡದು, ಬಂದರೆ ಬೆರಳ ಗೆಣ್ಣಿನ ಮೇಲೆ ಸ್ಕೇಲು. ಆಮೇಲೆ ಆಫೀಸಿನಲ್ಲೂ ಅದೇ ವೇದ. ಡೈರೆಕ್ಟರು ಡ್ರಾಫ್ಟ್ ಮೇಲೆ ನೀಲಿ ಪೆನ್ಸಿಲಿನಲ್ಲಿ ಹೊಡೆದು, ಕೆಂಪಿನಲ್ಲಿ ಹೊಡೆದು, "ಫೇರ್ ಮಾಡಿ ತನ್ನಿ" ಎಂದು ಕಳಿಸುತ್ತಿದ್ದರು. ಹೊಡೆದದ್ದನ್ನು ಬಿಟ್ಟು ಫೇರ್ ಕಾಪಿ ಹಾಕುವುದು, ಸಹಿ ಆದ ಮೇಲೆ ಡ್ರಾಫ್ಟನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕುವುದು. ಹೊರಗಿನವರ ಕಣ್ಣಿಗೆ ಡ್ರಾಫ್ಟ್ ಬೀಳಬಾರದು. ಮೂವತ್ತು ವರ್ಷದಲ್ಲಿ ಒಂದು ಸಲವೂ ನನಗೆ ಮೆಮೊ ಸಿಕ್ಕಿದ್ದಿಲ್ಲ.

ಪ್ರೊಫೆಸರರ ಹಾಳೆಗಳಲ್ಲೂ ಅಲ್ಲಲ್ಲಿ ಸಾಲುಗಳ ಮೇಲೆ ನೀಲಿ, ಕೆಂಪು, ಹಸಿರು ಗೆರೆ ಎಳೆದಿದ್ದವು. ನೀಟಾಗಿ ಒಂದೊಂದೇ ಗೆರೆ. ಪಕ್ಕದಲ್ಲಿ ಒಂದೆರಡು ಅಕ್ಷರದ ಗುರುತು. ಅಬ್ಬಾ, ಎಷ್ಟು ಒಪ್ಪವಾಗಿ ತಿದ್ದುತ್ತಾರೆ ಎಂದು ಮೆಚ್ಚಿಕೊಂಡೆ. ಏನನ್ನೂ ಕೇಳಲಿಲ್ಲ. ಕೇಳುವುದಕ್ಕೆ ಏನಿದೆ? ಡ್ರಾಫ್ಟ್ ಅಂದರೆ ಡ್ರಾಫ್ಟ್. ಆದರೆ ಹೊಡೆದ ಸಾಲುಗಳನ್ನು ಓದದೆ ಬಿಡುತ್ತಿರಲಿಲ್ಲ. ಅದು ನಮ್ಮ ಕಾನ್ವೆಂಟ್ ಹುಡುಗಿಯರ ಚಾಳಿ. ಯಾರದೇ ಬುಕ್ ಕೈಗೆ ಬಂದರೂ ಮೊದಲು ನೋಡುವುದು ಹೊಡೆದು ಹಾಕಿದ್ದರ ಕೆಳಗೆ ಏನಿತ್ತು ಅಂತ. ಓದುತ್ತಿದ್ದೆ, ಕೆಲವು ಸಲ ಅಯ್ಯೋ ಚೆನ್ನಾಗಿತ್ತಲ್ಲ, ಯಾಕೆ ತೆಗೆದರು ಎನಿಸುತ್ತಿತ್ತು, ಬಿಟ್ಟು ಮುಂದಿನ ಸಾಲು ಟೈಪ್ ಮಾಡುತ್ತಿದ್ದೆ.

"ನಾಟಕ ಓದಿ ಹೇಳಲೇ?" ಎಂದು ಒಮ್ಮೆ ಕೇಳಿದ್ದುಂಟು.

"ಬೇಡ ಮೇಡಂ ಸೆಕ್ರೆಟರಿ. ಹುಟ್ಟಿದಾಗಿನಿಂದ ಕೇಳಿದ್ದೇನೆ, ಕಿವಿ ತೂತಾಗಿದೆ. ಮುಗಿದ ಹಾಳೆ ಮೇಜಿನಿಂದ ತೆಗೆದುಬಿಡಿ, ನಾನು ಕಾಫಿ ಚೆಲ್ಲುತ್ತೇನೆ."

ತೆಗೆದೆ. ಮೊದಲ ಎರಡು ನಾಟಕ ಮುಗಿದಾಗ ಆ ಹಾಳೆಗಳನ್ನು ಮೇಲಕ್ಕೆ ಒಯ್ದು, ಅಭ್ಯಾಸದಂತೆ ನಾಲ್ಕು ನಾಲ್ಕು ಚೂರು ಮಾಡಿ, ಅಂಗಳದ ಆಚೆ ತುದಿಯಲ್ಲಿರುವ ರದ್ದಿ ಕಾಗದದ ಡಬ್ಬಿಗೆ ಹಾಕಿ ಬಂದೆ. ಡಿಸೆಂಬರಿನಲ್ಲಿ ಅಂಗಳ ಹೆಪ್ಪುಗಟ್ಟಿತು. ಮಗಳು ಹೊರಗೆ ಬಿಡಲಿಲ್ಲ. ಉಳಿದ ಮೂರು ನಾಟಕದ ಹಾಳೆಗಳು ಹಾಗೇ ನನ್ನ ಮಂಚದ ಕೆಳಗೆ ಚೀಲದಲ್ಲಿ ಕೂತವು.

ಅವು ನನ್ನ ಒಳ್ಳೆಯ ತಿಂಗಳುಗಳು ಎಂದು ಈಗಲೂ ಹೇಳುತ್ತೇನೆ. ಹತ್ತು ಗಂಟೆಗೆ ಫೀಕಾ, ಕಾಫಿಯ ಜೊತೆ ಏಲಕ್ಕಿ ಬನ್. ಇವರ ಏಲಕ್ಕಿಗೆ ಪರಿಮಳ ಸಾಲದು ಎಂದು ನಾನು, ನಿಮ್ಮ ಮೂಗು ಸೊಕ್ಕಿದೆ ಎಂದು ಅವರು. ಬಿಲ್ಡಿಂಗಿನಲ್ಲಿ ನನಗೆ ಕೂತು ಮಾತನಾಡಲು ಒಂದು ಕುರ್ಚಿ ಇತ್ತು, ನನಗಾಗಿ ಎಂಟೂವರೆಗೆ ಕಾಯುವ ಒಬ್ಬರಿದ್ದರು.

ಫೆಬ್ರವರಿಯಲ್ಲಿ ಕೊನೆಯ ಅಧ್ಯಾಯ ಬಂತು. ಅದನ್ನು ಅವರು ಬರೆದಿರಲಿಲ್ಲ, ಬಾಯಲ್ಲಿ ಹೇಳುವುದು, ನಾನು ನೇರ ಟೈಪ್ ಮಾಡುವುದು. ಕಿಟಕಿಗೆ ಬೆನ್ನು ಹಾಕಿ ನಿಂತು ಹೇಳತೊಡಗಿದರು. ಈ ನಾಟಕಗಳಲ್ಲಿ ಆಡಿದ ಮಾತು ಮುಖ್ಯವಲ್ಲ, ಆಡಬಾರದೆಂದು ಹೊಡೆದು ಹಾಕಿದ ಮಾತು ಮುಖ್ಯ ಎಂದರು. ಪ್ರತಿ ಊರಿನ ತಂಡವೂ ಆಟಕ್ಕೆ ಮುಂಚೆ ಕೂತು ಕೆಲವು ಸಾಲು ಹೊಡೆಯುತ್ತಿತ್ತಂತೆ. ಕೆಲವನ್ನು ಭಯಕ್ಕೆ: ಹಿಂದೆ ಉಳಿದ ಅಣ್ಣ ತಮ್ಮಂದಿರಿಗೆ ತೊಂದರೆ ಆದೀತು, ಹಾಲಿನಲ್ಲಿ ಯಾರು ಕೂತು ಕೇಳುತ್ತಿದ್ದಾರೋ ಗೊತ್ತಿಲ್ಲ. ಕೆಲವನ್ನು ಬೇರೆ ಕಾರಣಕ್ಕೆ. "ಎರಡನೇ ನಾಟಕ ನೆನಪಿದೆಯೇ? ಹೊಲಕ್ಕೆ ಹೊರಟಾಗ ಸೊಸೆ ಅತ್ತೆಯನ್ನು ಕೇಳುತ್ತಾಳೆ, ಬಾಗಿಲಿಗೆ ಬೀಗ ಹಾಕಿದಿರಾ ಅಂತ. ತಮಾಷೆಯ ಸೀನು. ಮೊದಲ ಆಟದಲ್ಲಿ ಆ ಮಾತಿಗೆ ಹಾಲಿಗೆ ಹಾಲೇ ಅಳತೊಡಗಿತಂತೆ, ಆಟ ನಿಂತಿತಂತೆ. ಮುಂದಿನ ವಾರ ಹೊಡೆದರು. ಅದೇ ಸಾಲನ್ನು ಇನ್ನೊಂದು ಊರಿನವರು ಇಟ್ಟುಕೊಂಡರು. ಒಂದೊಂದು ಬಣ್ಣ ಒಂದೊಂದು ಊರು. ಅದೇ ನನ್ನ ಪುಸ್ತಕ. ಓದುವವರು ನಾಟಕದಲ್ಲಿ ಗೆರೆ ನೋಡಬೇಕು, ಇಲ್ಲಿ ಅದರ ಕಥೆ ಓದಬೇಕು."

ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟವು. ಅವರು ಟಕಟಕ ಸದ್ದು ಕೇಳದೆ, "ತುಂಬ ವೇಗ ಆಯಿತೇ?" ಎಂದರು. ಇಲ್ಲ ಎಂದೆ. ಟೈಪ್ ಮಾಡಿದೆ. ಆ ಬೆಳಿಗ್ಗೆ ನಾನು ಟೈಪ್ ಮಾಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

ಮೇಲೆ ಬಂದು ಮಂಚದ ಕೆಳಗಿನ ಚೀಲ ಎಳೆದೆ. ಮೂರು ನಾಟಕದ ಹಾಳೆಗಳು ಗೆರೆಗಳ ಸಮೇತ ಇದ್ದವು. ಎರಡರದ್ದು ಇಲ್ಲ. ಮೂಲ ಪ್ರತಿಗಳು? ಅವುಗಳ ಕಥೆ ಅವರೇ ಹೇಳಿದ್ದರು: ಮುದುಕರು ಸತ್ತರು, ಮಕ್ಕಳಿಗೆ ಭಾಷೆ ಬಾರದು, ಪೆಟ್ಟಿಗೆಗಳು ಖಾಲಿಯಾದವು. ಅವರ ಮೊದಲ ನಕಲುಗಳು ಯಾವುದೋ ಹಳೆಯ ಮನೆಯ ನೆಲಮಾಳಿಗೆಗೆ ನೀರು ನುಗ್ಗಿ ಹಾಳಾಗಿದ್ದವು. ಆ ಇಂಗ್ಲಿಷ್ ಹಾಳೆಗಳೇ ಕೊನೆಯವು.

ಆಮೇಲಿನ ಒಂಬತ್ತು ದಿನ ನಾನು ಎಂಟೂವರೆಗೆ ತಪ್ಪದೆ ಹೋದೆ. ಅವರು ಹೇಳಿದರು, ನಾನು ಟೈಪ್ ಮಾಡಿದೆ. ಅಧ್ಯಾಯ ಮುಂದುವರಿದಷ್ಟೂ ಅವರು ತೋರಿಸುತ್ತಿದ್ದ ಸಾಲುಗಳು ಪುಸ್ತಕದಲ್ಲಿ ಇಲ್ಲ ಎಂದು ನನಗೊಬ್ಬಳಿಗೆ ಗೊತ್ತು. ನಾವು ಕೂರುತ್ತಿದ್ದ ಅವರ ಅಡಿಗೆಮನೆ ಚಿಕ್ಕದಾಗುತ್ತಾ ಬಂತು. ಹೇಳಿದರೆ ಆ ಕುರ್ಚಿ ಹೋಯಿತು, ಮತ್ತೆ ಮೂರನೇ ಮಹಡಿ, ಕಿಟಕಿ, ಕಾರ್ಡಿಗೆ ಕಾಯುವುದು. ಹೇಳದಿದ್ದರೆ ನಲವತ್ತು ವರ್ಷದ ಅವರ ದುಡಿಮೆ ಜೀವ ತೆಗೆದ ಮೈಯಾಗಿ ಅಚ್ಚಿಗೆ ಹೋಗುತ್ತದೆ. ಸ್ವೀಡನ್ನಿನ ಚಳಿಗಾಲದಲ್ಲಿ ಓಡಿಹೋಗಲು ಜಾಗವೂ ಇಲ್ಲ. ಬಾಗಿಲು ತೆರೆದರೆ ಮಂಜುಗಡ್ಡೆ.

ಶನಿವಾರ ಮಗಳಿಗೆ ಹೇಳಿದೆ. ಅವಳು ಬೀನ್ಸ್ ಹೆಚ್ಚುತ್ತಿದ್ದಳು.

"ಉಳಿದಿರೋ ಮೂರನ್ನ ಸರಿ ಮಾಡಿ ಕೊಡು. ಆ ಎರಡರ ವಿಷಯ ಎತ್ತಲೇಬೇಡ."

"ಪುಸ್ತಕ ಬಂದ ಮೇಲೆ?"

"ಅಮ್ಮಾ, ಎಸ್ಟೋನಿಯನ್ ನಾಟಕದ ಬಗ್ಗೆ ಬುಕ್ಕು. ಎಷ್ಟು ಜನ ಓದ್ತಾರೆ? ಹತ್ತು ಜನ?"

"ಆ ಹತ್ತರಲ್ಲಿ ಅವರೂ ಒಬ್ಬರು."

"ಅವರೆಲ್ಲಿ ಓದ್ತಾರೆ, ಅವರಿಗೆ ಕಣ್ಣೇ..." ಎಂದವಳು ಚಾಕು ಕೆಳಗಿಟ್ಟಳು. "ಸಾರಿ. ನಾನು ಬರ್ಲಾ ನಿನ್ ಜೊತೆ?" ಎಂದಳು. ಬೇಡ, ನಿನ್ನನ್ನು ನೋಡಿದರೆ ಅವರು ಬೈಯಲು ಸಂಕೋಚ ಪಡುತ್ತಾರೆ ಎಂದೆ.

ಸೋಮವಾರ ಚೀಲ ಹಿಡಿದು ಹೋದೆ. ಕೂರಲಿಲ್ಲ. ಎಲ್ಲವನ್ನೂ ಹೇಳಿದೆ, ಫೇರ್ ಕಾಪಿ ಎಂದರೇನು ಎಂಬುದರಿಂದ ಹಿಡಿದು ನಾಲ್ಕು ಚೂರಿನ ತನಕ. ಅವರು ತಲೆ ಒಂದು ಕಡೆಗೆ ವಾಲಿಸಿ ಕೇಳಿದರು. ಆಮೇಲೆ ಎದ್ದು, ಆಗಲೇ ತೊಳೆದಿದ್ದ ಕಪ್ಪನ್ನು ಮತ್ತೆ ತೊಳೆದರು.

"ಎರಡು ನಾಟಕದ ಎಲ್ಲ ಹಾಳೆಗಳೂ?"

"ಎಲ್ಲವೂ."

"ಹರಿಯುವ ಮುಂಚೆ ಓದಿದ್ದಿರಾ?"

"ಓದಿದ್ದೆ."

"ಹೊಡೆದದ್ದನ್ನೂ?"

"ಅದನ್ನೇ ಮೊದಲು."

ಅವರ ಮೂಗಿನಿಂದ ಒಂದು ಸದ್ದು ಬಂತು, ನಗುವೋ ಏನೋ. "ನನಗೆ ಒಬ್ಬಳು ಸರಿಯಾದ ಓದುಗಾರ್ತಿ ಸಿಕ್ಕಳು, ಅವಳೇ ಪುಸ್ತಕ ಹರಿದು ಹಾಕಿದಳು," ಎಂದರು. "ಈಗ ಹೋಗಿ. ನನಗೆ ನಿಮ್ಮ ಮೇಲೆ ತುಂಬ ಸಿಟ್ಟು ಬಂದಿದೆ. ಎಷ್ಟು ದಿನ ಇರುತ್ತದೋ ತಿಳಿಯದು."

ನಾಲ್ಕು ದಿನ ಇತ್ತು. ಆ ನಾಲ್ಕು ದಿನ ನಾನು ಎಂಟೂವರೆಗೆ ಸೀರೆ ಉಟ್ಟು ನಮ್ಮ ಹಾಲಿನಲ್ಲೇ ಕೂತಿರುತ್ತಿದ್ದೆ. ಮೊಮ್ಮಗಳು ಜ್ವರ ಎಂದು ಮನೆಯಲ್ಲಿದ್ದಳು, ಅಜ್ಜಿ ಯಾಕೆ ಆಫೀಸಿಗೆ ಹೋಗಲಿಲ್ಲ ಎಂದು ಅವಳ ಭಾಷೆಯಲ್ಲಿ ಕೇಳಿದಳು. ಅಷ್ಟು ಸ್ವೀಡಿಷ್ ನನಗೆ ಅರ್ಥವಾಯಿತು. ಐದನೆಯ ದಿನ ಫೋನ್ ಬಂತು. "ಒಂಬತ್ತಾಯಿತು. ಎಲ್ಲಿದ್ದೀರಿ?"

ಮೂರು ನಾಟಕಗಳನ್ನು ಮೊದಲಿನಿಂದ ಮಾಡಿದೆವು. ಈ ಸಲ ಪ್ರತಿ ಗೆರೆಯನ್ನೂ ಬಾಯಲ್ಲಿ ಹೇಳಿ, ಬಣ್ಣ ಹೇಳಿ, ಊರು ಕೇಳಿ ಟೈಪ್ ಮಾಡಿದೆ. ಉಳಿದ ಎರಡರ ಸರದಿ ಬಂದಾಗ ನಾನು ತಡೆಯಲಾರದೆ ಹೇಳಿದೆ: ಹೊಡೆದ ಸಾಲುಗಳಲ್ಲಿ ಏಳೆಂಟು ನನಗೆ ಚೆನ್ನಾಗಿ ನೆನಪಿವೆ, ಸೇರಿಸೋಣವೇ.

"ಪದಕ್ಕೆ ಪದ ಖಚಿತವಾಗಿಯೇ?"

"ಅರ್ಥ ಖಚಿತ."

"ಯಾವ ಬಣ್ಣ?"

ಬಣ್ಣ ನೆನಪಿರಲಿಲ್ಲ.

"ಹಾಗಾದರೆ ಬೇಡ. ನನ್ನ ತಲೆಯಲ್ಲೂ ಅರ್ಥ ಇದೆ, ನಿಮ್ಮದೂ ಸೇರಿದರೆ ಎರಡು ಮುದುಕಿಯರ ನೆನಪು ಆಗುತ್ತದೆ, ರಿಸರ್ಚ್ ಆಗುವುದಿಲ್ಲ. ಅಡಿಟಿಪ್ಪಣಿ ಹಾಕಿ. ನೀವೇ ಬರೆಯಿರಿ, ಇದು ನಿಮ್ಮದು."

ಬರೆದೆ. ಕಾರಣಾಂತರಗಳಿಂದ ಈ ಎರಡು ನಾಟಕಗಳ ಹೊಡೆದ ಸಾಲುಗಳು ಲಭ್ಯವಿಲ್ಲ ಎಂದು, ಒಳ್ಳೆಯ ಆಫೀಸ್ ಇಂಗ್ಲಿಷಿನಲ್ಲಿ. ಓದಿ ಹೇಳಿದೆ.

"ಈ ಕಾರಣಾಂತರ ಯಾರು? ಎಷ್ಟನೇ ಮಹಡಿಯಲ್ಲಿದ್ದಾರೆ?"

ಅಳಿಸಿ ಇನ್ನೊಂದು ಬರೆದೆ. ಅದೂ ಬೇಡ ಎಂದರು. ಮೂರನೆಯದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಟ್ಟೆ: ಟೈಪ್ ಮಾಡಿದವಳು ಗೆರೆ ಎಳೆದದ್ದನ್ನು ಬಿಡಬೇಕೆಂದು ತಿಳಿದು ಬಿಟ್ಟಳು, ಹಾಳೆಗಳನ್ನು ಹರಿದು ಎಸೆದಳು, ಬೇರೆ ಪ್ರತಿ ಇಲ್ಲ. ನನ್ನ ಹೆಸರನ್ನೂ ಹಾಕಿದ್ದೆ. ಹೆಸರು ತೆಗೆಸಿದರು. "ಅದು ಓದುವವರಿಗೆ ಬೇಕಿಲ್ಲ," ಎಂದರು, "ಉಳಿದದ್ದು ಸರಿ."

ಏಪ್ರಿಲಿನಲ್ಲಿ ಅವರು ಸ್ಟಾಕ್‌ಹೋಮಿಗೆ ಹೋದರು. ಪುಸ್ತಕ ಮುಂದಿನ ವರ್ಷ ಬಂತು. ಸಂಬಂಧದ ಹುಡುಗಿ ನನಗೊಂದು ಪ್ರತಿ ಕಳಿಸಿದಳು. ಆ ಎರಡು ನಾಟಕಗಳು ಪುಸ್ತಕದಲ್ಲಿ ಎಷ್ಟು ನೀಟಾಗಿವೆ ಎಂದರೆ, ಒಂದು ಗೆರೆಯಿಲ್ಲ, ಕಲೆಯಿಲ್ಲ, ಸಿಸ್ಟರ್ ನೋಡಿದ್ದರೆ ವೆರಿ ಗುಡ್ ಹಾಕುತ್ತಿದ್ದರು. ನನಗೆ ಆ ಪುಟಗಳನ್ನು ತೆರೆಯಲು ಆಗುವುದಿಲ್ಲ. ಪ್ರೊಫೆಸರ್ ಅದನ್ನು ಕೈಯಲ್ಲಿ ಹಿಡಿದು ತೂಕ ನೋಡಿದರಂತೆ. ಈಗ ಅವರಿಗೆ ಫೋನಿನಲ್ಲಿ ನನ್ನ ದನಿ ಗೊತ್ತಾಗುತ್ತದೆ, ಯಾವ ಊರಿನವಳು ಎಂಬುದು ಕೆಲವು ದಿನ ಮರೆತುಹೋಗುತ್ತದೆ. ನಾಟಕದ ಮಾತೆತ್ತಿದರೆ, ಯಾವ ನಾಟಕ ಎನ್ನುತ್ತಾರೆ.

ಹೀಗಾಗಿ ಆ ಏಳೆಂಟು ಸಾಲುಗಳು ಈಗ ನನ್ನೊಬ್ಬಳಲ್ಲಿ ಇವೆ. ಪಾತ್ರೆ ತೊಳೆಯುವಾಗ, ಕಾರ್ಡಿನ ವಿಷಯಕ್ಕೆ ಟಪಾಲು ಬಂತೇ ಎಂದು ಬಾಗಿಲ ಕಿಂಡಿ ನೋಡುವಾಗ ತಾವಾಗಿ ಬರುತ್ತವೆ. ಒಂದರಲ್ಲಿ ಒಬ್ಬ ಮುದುಕ ನಾಯಿಯ ಹತ್ತಿರ ಮಾತನಾಡುತ್ತಾನೆ. ಏನು ಹೇಳುತ್ತಾನೆ ಎಂದು ಇಲ್ಲಿ ಬರೆಯಲು ಕೈ ಬರುತ್ತದೆ, ಆದರೆ ಪದಕ್ಕೆ ಪದ ಖಚಿತವಿಲ್ಲ, ಬಣ್ಣ ಗೊತ್ತಿಲ್ಲ, ಬೇಡ ಎಂದು ಅವರು ಹೇಳಿದ್ದಾರೆ. ನಿನ್ನೆ ಸಿಂಕಿನ ಹತ್ತಿರ ಬಾಯಿಬಿಟ್ಟು ಹೇಳಿಕೊಂಡೆನೇನೋ, ಮೊಮ್ಮಗಳು ಟ್ಯಾಬಿನಿಂದ ತಲೆಯೆತ್ತಿ, ಅಪರೂಪಕ್ಕೆ ಕನ್ನಡದಲ್ಲಿ, "ಏನಂದೆ ಅಜ್ಜಿ?" ಎಂದಳು.

ಏನೂ ಇಲ್ಲ ಪುಟ್ಟಿ ಎಂದು ನಲ್ಲಿ ಜೋರು ಮಾಡಿದೆ.